ಎಲ್ಲರೂ ಬೀಗರಾದ ಮದುವೆಮನೆ

ಶಿಕಾಗೊದ ಓಹೇರ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿದೆ. ಹೆಸರಿನಲ್ಲಷ್ಟೇ ಹಳ್ಳಿ, ನೋಡಿದರೆ ಗೋದಾಮು, ಕಾರ್ಖಾನೆ, ಲಾರಿಗಳು. ಅಲ್ಲಿನ ಹಾಲಿಡೇ ಇನ್ ಹೋಟೆಲನ್ನು ಪ್ರವಾಸಿಗರು ಹುಡುಕಿಕೊಂಡು ಬರಲು ಕಾರಣವೇ ಇಲ್ಲ. ಆದರೂ ಹಲವು ವರ್ಷ ಶರತ್ಕಾಲದ ಒಂದು ವಾರಾಂತ್ಯ ಅದು ಭರ್ತಿಯಾಗುತ್ತಿತ್ತು. ಬರುತ್ತಿದ್ದವರೂ ಸಾಮಾನ್ಯರಲ್ಲ. ಫಸ್ಟ್ ಕ್ಲಾಸಿನಲ್ಲಿ ಹಾಸಿಗೆ ಹಾಸಿಸಿಕೊಂಡು ಮಲಗಿ ಸಮುದ್ರ ದಾಟಿದವರು, ಮಾಲ್ಡೀವ್ಸಿನಲ್ಲಿ ನೀರಿನ ಮೇಲೆ ಕಟ್ಟಿದ ಕೋಣೆಯಲ್ಲಿ ವಾರಗಟ್ಟಲೆ ಇದ್ದು ಬಂದವರು. ಅದೂ ಕೈಯಿಂದ ಹೆಚ್ಚೇನೂ ಬಿಚ್ಚದೆ, ಏರ್‌ಲೈನ್ ಮೈಲು ಮತ್ತು ಹೋಟೆಲ್ ಪಾಯಿಂಟುಗಳ ಬಲದಿಂದ. ಅವರ ಕೂಟಕ್ಕೆ 'ಶಿಕಾಗೊ ಸೆಮಿನಾರ್ಸ್' ಎಂದು ಹೆಸರು. ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಇದೇ ಬಗೆಯಲ್ಲಿ ನಡೆಯುತ್ತಿದ್ದ ಇನ್ನೊಂದು ಕೂಟಕ್ಕೆ 'ಫ್ರೀಕ್ವೆಂಟ್ ಟ್ರಾವೆಲರ್ ಯೂನಿವರ್ಸಿಟಿ' ಎಂಬ ಗಂಭೀರ ಹೆಸರಿತ್ತು. ಪದವಿ ಕೊಡುತ್ತಿರಲಿಲ್ಲ.

ಅಂಥ ಜನ ಇಂಥ ಹೋಟೆಲಿಗೇ ಏಕೆ ಬರಬೇಕು? ಲೆಕ್ಕ ಸರಳ. ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲುಗಳು ಉಸಿರಾಡುವುದು ಸೋಮವಾರದಿಂದ ಗುರುವಾರದವರೆಗೆ, ಕಂಪನಿ ಖರ್ಚಿನಲ್ಲಿ ಓಡಾಡುವವರಿಂದ. ಶುಕ್ರವಾರ ಸಂಜೆ ಅವರೆಲ್ಲ ಮನೆ ಸೇರಿದ ಮೇಲೆ ಕೋಣೆಗಳೂ ಖಾಲಿ, ಸಭಾಂಗಣಗಳೂ ಖಾಲಿ. ಆಗ ಯಾರಾದರೂ ಇನ್ನೂರು ಜನರನ್ನು ಕರೆತರುತ್ತೇನೆ ಎಂದರೆ ಸೇಲ್ಸ್ ಮ್ಯಾನೇಜರ್ ದರ ಇಳಿಸುತ್ತಾನೆ, ಊಟ-ತಿಂಡಿಗೆ ಇಷ್ಟು ಖರ್ಚು ಮಾಡುತ್ತೇವೆಂದು ಬರೆದುಕೊಟ್ಟರೆ ಹಾಲ್ ಬಾಡಿಗೆಯನ್ನೂ ಬಿಡುತ್ತಾನೆ. ನಿಲ್ದಾಣದಿಂದ ಹೋಟೆಲಿನ ವ್ಯಾನು ಪುಕ್ಕಟೆ. ಇದು ಸಣ್ಣ ಸಂಗತಿಯಲ್ಲ. ಪಾಯಿಂಟು ಕೂಡಿಡುವವನು ಹತ್ತು ಸಾವಿರ ಡಾಲರಿನ ಸೀಟಿನಲ್ಲಿ ಕೂತು ಬಂದಾನು, ಟ್ಯಾಕ್ಸಿಗೆ ಮೂವತ್ತು ಡಾಲರ್ ಕೊಡಬೇಕೆಂದರೆ ಅವನಿಗೆ ಸಂಕಟವಾಗುತ್ತದೆ.

ಈ ಹುಚ್ಚು ಶುರುವಾದದ್ದು 1981ರ ಮೇ 1ರಂದು. 1978ರ ಕಾಯ್ದೆಯೊಂದು ಅಮೆರಿಕದ ವಿಮಾನಯಾನವನ್ನು ಸರ್ಕಾರದ ಹಿಡಿತದಿಂದ ಬಿಡಿಸಿತ್ತು. ದರದ ಪೈಪೋಟಿ ಹೆಚ್ಚಿ, ಪ್ರಯಾಣಿಕ ಇವತ್ತು ಒಂದು ಕಂಪನಿ, ನಾಳೆ ಇನ್ನೊಂದು ಎಂದು ಹಾರತೊಡಗಿದ್ದ. ಅವನನ್ನು ಕಟ್ಟಿಹಾಕಲು ಅಮೆರಿಕನ್ ಏರ್‌ಲೈನ್ಸ್ 'ಎಎಡ್ವಾಂಟೇಜ್' ಎಂಬ ಮೈಲು ಲೆಕ್ಕದ ಯೋಜನೆ ತಂದಿತು. ಯುನೈಟೆಡ್ ಕೆಲವೇ ದಿನಗಳಲ್ಲಿ ತನ್ನದನ್ನೂ ತಂದಿತು. 1983ರ ಹೊತ್ತಿಗೆ ಹಾಲಿಡೇ ಇನ್, ಮ್ಯಾರಿಯಟ್ ಹೋಟೆಲುಗಳೂ ಅದೇ ದಾರಿ ಹಿಡಿದವು. ರ‍್ಯಾಂಡಿ ಪೀಟರ್ಸನ್ ಎಂಬಾತ 1986ರಲ್ಲಿ ಇದಕ್ಕೆಂದೇ 'ಇನ್‌ಸೈಡ್‌ಫ್ಲೈಯರ್' ಪತ್ರಿಕೆ ತಂದರು. ಎರಡು ವರ್ಷದ ನಂತರ, ಅಗ್ಗದ ವಿಮಾನಯಾನಕ್ಕೆ ಹೆಸರಾದ ಫ್ರೆಡ್ಡಿ ಲೇಕರ್ ಗೌರವಾರ್ಥ 'ಫ್ರೆಡ್ಡಿ ಅವಾರ್ಡ್ಸ್' ಶುರು ಮಾಡಿದರು. ಮೊದಮೊದಲು ಇದು ಟೈ ಕಟ್ಟಿಕೊಂಡು ವಾರಕ್ಕೆ ನಾಲ್ಕು ವಿಮಾನ ಹತ್ತುವವರ ಲೋಕ. ಆಮೇಲೆ ಕ್ರೆಡಿಟ್ ಕಾರ್ಡುಗಳು ಮೈಲು ಹಂಚತೊಡಗಿದವು. ಇವತ್ತಿನ ಕೂಟಗಳಿಗೆ ಬರುವವರಲ್ಲಿ ನಿವೃತ್ತ ಮೇಷ್ಟರು, ದಾದಿಯರು, ಚಿಕ್ಕ ಮಕ್ಕಳಿರುವ ಸಾಫ್ಟ್‌ವೇರ್ ದಂಪತಿಗಳು, ಎಲ್ಲರೂ ಇದ್ದಾರೆ. ಅವರ ಮೈಲುಗಳಲ್ಲಿ ಬಹುಪಾಲು ಬಂದಿರುವುದು ಆಕಾಶದಿಂದಲ್ಲ, ದಿನಸಿ ಅಂಗಡಿಯ ಬಿಲ್ಲಿನಿಂದ.

ದಿನಸಿ ಎಂದಾಗ ಡೇವಿಡ್ ಫಿಲಿಪ್ಸ್ ಕಥೆಯನ್ನು ಬಿಡುವಂತಿಲ್ಲ. 1999ರಲ್ಲಿ ಹೆಲ್ತಿ ಚಾಯ್ಸ್ ಎಂಬ ಆಹಾರದ ಕಂಪನಿ, ತನ್ನ ಪದಾರ್ಥಗಳ ಬಾರ್‌ಕೋಡ್ ಕತ್ತರಿಸಿ ಕಳುಹಿಸಿದವರಿಗೆ ವಿಮಾನದ ಮೈಲು ಕೊಡುತ್ತೇನೆಂದಿತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವಿಶ್ವವಿದ್ಯಾಲಯದ ಎಂಜಿನಿಯರ್ ಆಗಿದ್ದ ಫಿಲಿಪ್ಸ್ ಅಂಗಡಿ ಅಂಗಡಿ ತಿರುಗಿ, ಆ ಕಂಪನಿಯ ಅತಿ ಅಗ್ಗದ ಸರಕು ಕಾಲು ಡಾಲರಿನ ಪುಡ್ಡಿಂಗ್ ಎಂದು ಪತ್ತೆ ಮಾಡಿದ. 12,150 ಬಟ್ಟಲು ಕೊಂಡ. ಖರ್ಚು ಸುಮಾರು 3,140 ಡಾಲರ್. ಇಷ್ಟೊಂದು ಲೇಬಲ್ ಕೀಳುವವರು ಯಾರು? ಸಾಲ್ವೇಷನ್ ಆರ್ಮಿಗೆ ಪುಡ್ಡಿಂಗನ್ನೆಲ್ಲ ದಾನ ಕೊಟ್ಟ; ಅವರ ಸ್ವಯಂಸೇವಕರು ಲೇಬಲ್ ಕಿತ್ತುಕೊಟ್ಟರು. ಕೈಸೇರಿದ್ದು ಹನ್ನೆರಡೂವರೆ ಲಕ್ಷ ಮೈಲು. ದಾನ ಕೊಟ್ಟಿದ್ದರಿಂದ ಆದಾಯ ತೆರಿಗೆಯಲ್ಲೂ ವಿನಾಯಿತಿ. ಈ ಪ್ರಸಂಗ 2002ರ 'ಪಂಚ್-ಡ್ರಂಕ್ ಲವ್' ಸಿನಿಮಾದಲ್ಲೂ ಬಂತು. ಕೂಟಗಳಲ್ಲಿ ಹೊಸಬರಿಗೆ ಮೊದಲು ಹೇಳುವ ಪುಣ್ಯಕಥೆ ಇದೇ.

ಹಗಲಿನ ಪಾಠಗಳು ಹೊಸಬರಿಗೆ. ಯಾವ ಕಾರ್ಡು ಮೊದಲು ತೆಗೆದುಕೊಳ್ಳಬೇಕು, ಯಾವುದರ ಪಾಯಿಂಟನ್ನು ಯಾವ ಏರ್‌ಲೈನಿಗೆ ವರ್ಗಾಯಿಸಬೇಕು, ಒಂದು ದೇಶದ ವಿಮಾನವನ್ನು ಇನ್ನೊಂದು ದೇಶದ ಕಂಪನಿಯ ಪಾಯಿಂಟಿನಿಂದ ಹಿಡಿಯುವುದು ಹೇಗೆ. ಜಪಾನಿನ ಎಎನ್‌ಎ ವಿಮಾನದ ಫಸ್ಟ್ ಕ್ಲಾಸ್ ಸೀಟನ್ನು ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಪಾಯಿಂಟಿನಿಂದ ಕೊಳ್ಳುವುದು ಇವರ ಅಚ್ಚುಮೆಚ್ಚಿನ ಉದಾಹರಣೆಯಾಗಿತ್ತು. ಅಮೆರಿಕದ ಪೂರ್ವ ಕರಾವಳಿಯಿಂದ ಟೋಕಿಯೊಗೆ ಹೋಗಿಬರಲು 1,20,000 ಪಾಯಿಂಟು ಸಾಕಿತ್ತು. 2023ರಲ್ಲಿ ಆ ದರ ಏರಿತು, ಪಾಠದ ಆ ಪುಟ ಹಳತಾಯಿತು.

ನುರಿತವರು ಈ ಪಾಠಗಳಿಗೆ ಕೂರುವುದೇ ಇಲ್ಲ. ಅವರ ಪಾಠಶಾಲೆ ಹೊರಗಿನ ಹಾದಿ, ಕಾಫಿ ಮೇಜು, ರಾತ್ರಿ ಬಾರು. ಎಲ್ಲಿಯೂ ಬರೆದಿಡದ ಮಾತು ಅವರಿಗೆ ಬೇಕು. ಚೇಸ್ ಬ್ಯಾಂಕಿನ '5/24' ನಿಯಮವನ್ನೇ ನೋಡಿ. ಇಪ್ಪತ್ತನಾಲ್ಕು ತಿಂಗಳಲ್ಲಿ ಯಾವುದೇ ಬ್ಯಾಂಕಿನಿಂದ ಐದು ಕಾರ್ಡು ಪಡೆದವರ ಅರ್ಜಿಯನ್ನು ಅದು ತಿರಸ್ಕರಿಸುತ್ತದೆ ಎಂಬುದನ್ನು, ತಿರಸ್ಕೃತರು ತಮ್ಮ ತಮ್ಮ ಪತ್ರಗಳನ್ನು ಒಟ್ಟಿಗಿಟ್ಟು ನೋಡಿ ಕಂಡುಕೊಂಡರು. ಯಾವ ಅಂಗಡಿಯಲ್ಲಿ ಗಿಫ್ಟ್ ಕಾರ್ಡನ್ನು ಕ್ರೆಡಿಟ್ ಕಾರ್ಡಿನಿಂದ ಕೊಳ್ಳಬಹುದು, ಆ ಗಿಫ್ಟ್ ಕಾರ್ಡನ್ನು ಎಲ್ಲಿ ಮನಿ ಆರ್ಡರ್ ಮಾಡಿಸಿ ಮತ್ತೆ ಬ್ಯಾಂಕಿಗೇ ಕಟ್ಟಬಹುದು ಎಂಬಂಥ ಮಾತುಗಳೂ ಅಲ್ಲೇ ಓಡಾಡುತ್ತವೆ. ಅದೇ ಹಣ ಸುತ್ತು ಹೊಡೆದು ಮನೆಗೆ ಬರುತ್ತದೆ, ಪಾಯಿಂಟು ಮಾತ್ರ ಕೈಯಲ್ಲಿ ಉಳಿಯುತ್ತದೆ.

ಇಂಥ ಉಪಾಯಕ್ಕೆ ಆಯಸ್ಸು ಕಡಿಮೆ; ಊರಿಗೆಲ್ಲ ಗೊತ್ತಾದ ದಿನವೇ ಅದರ ತಿಥಿ. ಅಮೆರಿಕದ ಸರ್ಕಾರಿ ಟಂಕಸಾಲೆ ಒಂದು ಡಾಲರ್ ನಾಣ್ಯ ಜನಪ್ರಿಯವಾಗಲಿ ಎಂದು 2008ರಲ್ಲಿ ಅವನ್ನು ಮುಖಬೆಲೆಗೇ, ಸಾಗಣೆ ಖರ್ಚಿಲ್ಲದೆ ಮನೆಬಾಗಿಲಿಗೆ ತಲುಪಿಸತೊಡಗಿತು. ಕ್ರೆಡಿಟ್ ಕಾರ್ಡು ನಡೆಯುತ್ತಿತ್ತು. ಪಾಯಿಂಟಿನವರು ಪೆಟ್ಟಿಗೆಗಟ್ಟಲೆ ತರಿಸಿದರು, ಪೆಟ್ಟಿಗೆ ಬಿಚ್ಚದೆಯೇ ಬ್ಯಾಂಕಿಗೆ ಹೊತ್ತು ಹಾಕಿದರು, ಅದೇ ದುಡ್ಡಿನಲ್ಲಿ ಕಾರ್ಡಿನ ಬಿಲ್ಲು ಕಟ್ಟಿದರು. ಸುದ್ದಿ ರೇಡಿಯೋದಲ್ಲೂ ಪತ್ರಿಕೆಗಳಲ್ಲೂ ಬಂತು; 2011ರ ಜುಲೈಯಲ್ಲಿ ಟಂಕಸಾಲೆ ಆ ಕೊಳ್ಳುವಿಕೆಗೆ ಕಾರ್ಡು ಬಳಸುವುದನ್ನು ನಿಲ್ಲಿಸಿತು. ಹೀಗಾಗಿಯೇ ಕೂಟದ ರಾತ್ರಿ ಮಾತುಕತೆಯಲ್ಲಿ ಫೋನು ಮೇಜಿನ ಮೇಲೆ ಬೋರಲು ಬಿದ್ದಿರುತ್ತದೆ. ರೆಕಾರ್ಡ್ ಮಾಡಬಾರದು, ಬರೆಯಬಾರದು. ಕೇಳಿಸಿಕೊಂಡವನು ತನ್ನ ಕಡೆಯಿಂದಲೂ ಒಂದು ಗುಟ್ಟು ಬಿಚ್ಚಬೇಕು. ಬರೀ ಕೈಯಲ್ಲಿ ಬಂದು ಕಿವಿ ಕೊಡುವವನನ್ನು ಮುಂದಿನ ಸಲ ಮೇಜಿಗೆ ಕರೆಯುವುದಿಲ್ಲ.

ಕೂಟದಿಂದ ಬರೆಯದ ಮಾತನ್ನು ಬಯಸುವ ಇದೇ ಜನ, ಹೋಟೆಲಿನಿಂದ ಬಯಸುವುದು ಬರೆದ ಮಾತನ್ನು. ಬರೆದ ಸವಲತ್ತನ್ನು ಕೇಳುವ ಮೊದಲೇ ಕೊಟ್ಟರೆ ಸಾಕು. ತಮಾಷೆಯೆಂದರೆ, ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ನ್ಯೂಜೆರ್ಸಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಒಮ್ಮೆ ಇಂಥ ಕೂಟಕ್ಕೆ ನನ್ನನ್ನೂ ಎಳೆದುಕೊಂಡು ಹೋಗಿದ್ದ. ವಿಮಾನ ನಿಲ್ದಾಣದ ಬಳಿಯದೇ ಒಂದು ದೊಡ್ಡ ಹೋಟೆಲು. ಶುಕ್ರವಾರ ಸಂಜೆ ರಿಸೆಪ್ಷನ್ ಮುಂದೆ ಎರಡು ಸಾಲು. ಒಂದು ಸಾಮಾನ್ಯರದು, ಇನ್ನೊಂದು ನೆಲಹಾಸು ಹಾಸಿದ, ಹಿತ್ತಾಳೆ ಫಲಕವಿದ್ದ ಸಾಲು, ವಿಶೇಷ ಸದಸ್ಯರದು. ಸಾಮಾನ್ಯರ ಸಾಲಿನಲ್ಲಿ ಒಬ್ಬ ಮುದುಕ, ಅವನ ಹೆಂಡತಿ. ವಿಶೇಷದ ಸಾಲು ಬಾಗಿಲಾಚೆ ವ್ಯಾನು ನಿಲ್ಲುವ ಜಾಗದವರೆಗೆ ಬೆಳೆದಿತ್ತು.

"ಈ ಕಡೆ ಖಾಲಿ ಇದೆಯಲ್ಲೋ" ಎಂದೆ.

"ಭಾವ, ಅಲ್ಲಿ ನಿಂತರೆ ಪ್ಲಾಟಿನಮ್ ಆಗಿ ಏನು ಬಂತು? ನೀವು ಬೇಕಾದ್ರೆ ಹೋಗಿ ಕೂತ್ಕೊಳ್ಳಿ."

ಅದು ಎಲ್ಲರೂ ಬೀಗರೇ ಆಗಿರುವ ಮದುವೆಮನೆ. ಮೊದಲ ಪಂಕ್ತಿಯ ಎಲೆ ಎಲ್ಲರಿಗೂ ಬೇಕು. ಕೌಂಟರಿನ ಹುಡುಗಿ ಪ್ರತಿಯೊಬ್ಬರಿಗೂ ಅದೇ ನಗುವಿನಲ್ಲಿ "ನಿಮ್ಮ ನಿಷ್ಠೆಗೆ ಧನ್ಯವಾದ" ಎನ್ನುತ್ತಿದ್ದಳು. ಪ್ರತಿಯೊಬ್ಬರೂ ಸ್ವಲ್ಪ ಮುಂದೆ ಬಾಗಿ, ಸೂಟ್ ರೂಮು ಖಾಲಿ ಇದೆಯೇ ಎಂದು ಗುಟ್ಟಿನ ದನಿಯಲ್ಲಿ ಕೇಳುತ್ತಿದ್ದರು. ಹಿಂದಿನವನಿಗೂ ಅದೇ ಪ್ರಶ್ನೆ ಕೇಳಲಿಕ್ಕಿದ್ದರಿಂದ ಅವನು ಕಿವಿ ನಿಮಿರಿಸಿ ನಿಂತಿರುತ್ತಿದ್ದ. ನಮ್ಮವನಿಗೆ ಸಿಕ್ಕಿದ ಅಪ್‌ಗ್ರೇಡ್ ಎಂದರೆ ಎರಡು ಮಹಡಿ ಮೇಲೆ, ಹೆದ್ದಾರಿಯ ಕಡೆ ಕಿಟಕಿ. ವಿಶೇಷ ಸದಸ್ಯರ ಲೌಂಜ್ ಮೇಲಿನ ಮಹಡಿಯಲ್ಲಿತ್ತು. ಬಾಗಿಲ ಮೇಲೆ ಚೀಟಿ: ಶುಕ್ರವಾರ, ಶನಿವಾರ ರಜೆ.

ಭಾನುವಾರದ ಹನ್ನೆರಡು ಗಂಟೆಯ ದೃಶ್ಯವನ್ನೂ ಹೇಳಬೇಕು. ಮ್ಯಾರಿಯಟ್‌ನಲ್ಲಿ ಪ್ಲಾಟಿನಮ್ ಆದವರಿಗೆ, ಹಯಾಟ್‌ನಲ್ಲಿ ಗ್ಲೋಬಲಿಸ್ಟ್ ಆದವರಿಗೆ ಸಂಜೆ ನಾಲ್ಕರವರೆಗೆ ಕೋಣೆ ಬಿಡದಿರುವ ಸವಲತ್ತಿದೆ. ರೆಸಾರ್ಟುಗಳಲ್ಲಿ, ಮ್ಯಾರಿಯಟ್ಟಿನ ಸಮಾವೇಶದ ಹೋಟೆಲುಗಳಲ್ಲೂ ಅದು 'ಅನುಕೂಲವಿದ್ದರೆ' ಎಂಬ ಷರತ್ತಿಗೆ ಒಳಪಟ್ಟಿದ್ದು. ಅಂದು ಉದ್ದನೆಯ ಹಾದಿಯಲ್ಲಿ ಒಂದರ ಪಕ್ಕ ಒಂದು ಎಂಬಂತೆ ಪ್ರತಿ ಬಾಗಿಲಿಗೂ 'ತೊಂದರೆ ಕೊಡಬೇಡಿ' ಎಂಬ ಕೆಂಪು ಪಟ್ಟಿ ತೂಗುತ್ತಿತ್ತು. ಕೋಣೆ ಶುಚಿ ಮಾಡುವ ನಾಲ್ವರು ಹೆಂಗಸರು ಬಿಳಿ ಚಾದರ, ಟವೆಲಿನ ಗಾಡಿಗಳನ್ನು ಗೋಡೆಗೆ ಒತ್ತರಿಸಿ ಲಿಫ್ಟಿನ ಪಕ್ಕ ನಿಂತಿದ್ದರು. ಸ್ಪ್ಯಾನಿಷ್‌ನಲ್ಲಿ ಏನೋ ಮಾತು, ನಡುನಡುವೆ ಗಡಿಯಾರದ ಕಡೆ ಕಣ್ಣು. ನಾಲ್ಕಕ್ಕೆ ಎಲ್ಲ ಕೋಣೆಗಳೂ ಒಟ್ಟಿಗೆ ಖಾಲಿಯಾದರೆ ರಾತ್ರಿ ಬರುವವರಿಗೆ ಅವನ್ನು ಸಜ್ಜು ಮಾಡಬೇಕಾದವರು ಇವರು. ಸವಲತ್ತಿನ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರ ನಡುವೆ ಎರಡು ದಿನ ಇದ್ದೆ. ಇವರ ಪ್ರಸ್ತಾಪ ಒಬ್ಬರ ಬಾಯಲ್ಲೂ ಬರಲಿಲ್ಲ.

ಲೌಂಜ್ ಮುಚ್ಚಿದ್ದನ್ನು ಹೋಟೆಲಿನ ಕಪಟ ಎಂದುಕೊಳ್ಳುವುದು ಸುಲಭ. ಆದರೆ ಒಳಗಿನ ವ್ಯವಹಾರ ಬೇರೆ. ಗೋಡೆಯ ಮೇಲೆ ದೊಡ್ಡ ಹೆಸರಿದ್ದರೂ ಕಟ್ಟಡ ಸಾಮಾನ್ಯವಾಗಿ ಆ ಕಂಪನಿಯದಲ್ಲ. ಮಾಲೀಕ ಬೇರೆ ಯಾರೋ; ಅಮೆರಿಕದಲ್ಲಿ ಬಹಳ ಕಡೆ ಅವರು ಗುಜರಾತಿ ಮೂಲದವರು. ಪಾಯಿಂಟು ಕೊಟ್ಟು ಉಳಿಯುವ ಅತಿಥಿಯ ಪರವಾಗಿ ಬ್ರ್ಯಾಂಡ್ ಕಂಪನಿಯು ಮಾಲೀಕನಿಗೆ ಒಂದು ಮೊತ್ತ ಕೊಡುತ್ತದೆ. ಹೋಟೆಲು ಖಾಲಿ ಹೊಡೆಯುತ್ತಿದ್ದರೆ ಆ ಮೊತ್ತ ಸಣ್ಣದು. ಹೋಟೆಲು ಹೆಚ್ಚುಕಡಿಮೆ ಭರ್ತಿಯಾಗಿದ್ದರೆ ಮಾತ್ರ ನಿಜವಾದ ಬಾಡಿಗೆಯ ಹತ್ತಿರಕ್ಕೆ ಬರುತ್ತದೆ. ಸದಸ್ಯನ ಪುಕ್ಕಟೆ ತಿಂಡಿಯ ಮೊಟ್ಟೆ, ಹಾಲು, ಅಡುಗೆಯವನ ಸಂಬಳ ಮಾಲೀಕನದು. ಅತಿಥಿ ಧನ್ಯವಾದ ಹೇಳುವುದು ಬ್ರ್ಯಾಂಡಿಗೆ. ಪಕ್ವಾನ್ನ ಬಡಿಸಿದ್ದು ಒಬ್ಬರು, ಹೆಸರು ಇನ್ನೊಬ್ಬರದು. ಹಿಲ್ಟನ್ 2021ರಲ್ಲಿ ಅಮೆರಿಕದ ಹಲವು ಹೋಟೆಲುಗಳಲ್ಲಿ ತನ್ನ ಗೋಲ್ಡ್, ಡೈಮಂಡ್ ಸದಸ್ಯರ ಪುಕ್ಕಟೆ ತಿಂಡಿ ತೆಗೆದು ಊಟೋಪಚಾರಕ್ಕೆ ಇಷ್ಟು ಡಾಲರ್ ಎಂದು ನಿಗದಿ ಮಾಡಿತು. ಮಾಲೀಕರಿಗೆ ನೆಮ್ಮದಿಯಾಯಿತು, ಇಬ್ಬರು ಹೊಟ್ಟೆ ತುಂಬ ತಿನ್ನುವಷ್ಟು ಅದು ಸಾಲದೆಂದು ಸದಸ್ಯರು ಗೊಣಗಿದರು. ಗೊಣಗಿದ್ದು ಸರಿಯೇ, ಕಾಫಿಗೇ ಅರ್ಧ ಹೋಗುತ್ತದೆ.

ಎಲ್ಲರೂ ವಿಶೇಷರಾದದ್ದು ಹೇಗೆ ಎಂಬುದರ ಉತ್ತರವೂ ಕಾರ್ಡಿನಲ್ಲೇ ಇದೆ. ಮ್ಯಾರಿಯಟ್‌ನಲ್ಲಿ ಪ್ಲಾಟಿನಮ್ ಆಗಲು ವರ್ಷಕ್ಕೆ ಐವತ್ತು ರಾತ್ರಿ ಉಳಿಯಬೇಕು. ಅಥವಾ ಅವರ ದುಬಾರಿ ಕ್ರೆಡಿಟ್ ಕಾರ್ಡಿಗೆ ವಾರ್ಷಿಕ ಶುಲ್ಕ ಕಟ್ಟಿದರಾಯಿತು, ಒಂದು ರಾತ್ರಿಯೂ ಉಳಿಯಬೇಕಿಲ್ಲ. ಐವತ್ತು ರಾತ್ರಿ ಪರವೂರಿನ ಹಾಸಿಗೆಯಲ್ಲಿ ಹೊರಳಿದವನೂ ಕಾರ್ಡು ತೋರಿಸಿದವನೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಮೊದಲಿನವನ ಮುಖದಲ್ಲಿ ಆ ಕಹಿ ಕಾಣಿಸುತ್ತದೆ. ಹೀಗಾಗಿ ಹಳೆಯ ಕೈಗಳು ಸೂಟ್ ರೂಮಿನ ಆಸೆ ಬಿಟ್ಟು ಸಣ್ಣ ಸಣ್ಣದನ್ನು ಬಯಸುತ್ತಾರೆ. ಕೂಟದ ಇಳಿಸಿದ ದರಕ್ಕೂ ಪಾಯಿಂಟು ಬರಬೇಕು. ಹೇಳಿದ ದರದ ಮೇಲೆ ಬೇರೆ ಹೆಸರಿನ ಶುಲ್ಕ ಹೊರಿಸಬಾರದು. ಹಯಾಟ್, ಹಿಲ್ಟನ್ ಪೂರ್ತಿ ಪಾಯಿಂಟಿನಲ್ಲಿ ಉಳಿಯುವವರಿಗೆ ರೆಸಾರ್ಟ್ ಶುಲ್ಕ ಬಿಡುತ್ತವೆ, ಮ್ಯಾರಿಯಟ್ ಬಿಡುವುದಿಲ್ಲ ಎಂಬುದು ಇವರಿಗೆ ನಾಲಿಗೆ ತುದಿಯಲ್ಲಿರುತ್ತದೆ. 2025ರ ಮೇಯಿಂದ ಅಮೆರಿಕದಲ್ಲಿ ಹೋಟೆಲುಗಳು ಇಂಥ ಕಡ್ಡಾಯ ಶುಲ್ಕವನ್ನೂ ಸೇರಿಸಿಯೇ ದರ ತೋರಿಸಬೇಕೆಂಬ ನಿಯಮ ಬಂದಿದೆ. ಕುರ್ಚಿಯ ಹತ್ತಿರ ಪ್ಲಗ್ಗು ಇರಬೇಕು. ರಾತ್ರಿ ಹನ್ನೊಂದರ ಮೇಲೂ ಎದ್ದುಹೋಗಿ ಎನ್ನದ ಒಂದು ಮೂಲೆ ಬೇಕು.

ಬರೆದ ಮಾತು ಎಂದೆನಲ್ಲ, ಅದನ್ನು ಬರೆದವರೇ ಅಳಿಸಬಲ್ಲರು ಎಂಬುದೇ ಈ ಲೋಕದ ದೊಡ್ಡ ಗಾಯ. ಮಿನೆಸೋಟದ ಬಿನ್ಯೋಮಿನ್ ಗಿನ್ಸ್‌ಬರ್ಗ್ ಎಂಬ ಯಹೂದಿ ಧರ್ಮಗುರು ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಮೇಲ್ದರ್ಜೆಯ ಸದಸ್ಯ. ಅತಿಯಾಗಿ ದೂರು ಕೊಡುತ್ತಾರೆಂದು 2008ರಲ್ಲಿ ಕಂಪನಿ ಅವರನ್ನು ಯೋಜನೆಯಿಂದಲೇ ತೆಗೆದುಹಾಕಿತು. ಏಳೆಂಟು ತಿಂಗಳಲ್ಲಿ 24 ದೂರು, ಅದರಲ್ಲಿ ಒಂಬತ್ತು ಬ್ಯಾಗು ತಡವಾಗಿ ಬಂದಿದ್ದರ ಬಗ್ಗೆ ಎಂದು ಅವರಿಗೆ ಬಂದ ಪತ್ರದಲ್ಲಿತ್ತು. ಅವರು ನ್ಯಾಯಾಲಯಕ್ಕೆ ಹೋದರು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಕಂಪನಿಯ ಪರ ತೀರ್ಪು ಕೊಟ್ಟಿತು. ಕಾರಣ, ವಿಮಾನಯಾನಕ್ಕೆ ಸ್ವಾತಂತ್ರ್ಯ ಕೊಟ್ಟ ಅದೇ 1978ರ ಕಾಯ್ದೆ. ಹುಟ್ಟಿಸಿದ ಕಾಯ್ದೆಯೇ ಸದಸ್ಯನ ಕೈ ಕಟ್ಟಿತು.

ಇತ್ತ ಅವೇ ಮೈಲುಗಳು ಕಂಪನಿಗಳಿಗೆ ಚಿನ್ನ. ಕೋವಿಡ್ ಕಾಲದಲ್ಲಿ ವಿಮಾನಗಳು ನೆಲಕ್ಕೆ ಕೂತಾಗ, 2020ರಲ್ಲಿ ಯುನೈಟೆಡ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಡೆಲ್ಟಾ 900 ಕೋಟಿ, ಮರುವರ್ಷ ಅಮೆರಿಕನ್ 1,000 ಕೋಟಿ. ಮೈಲುಗಳನ್ನು ಬ್ಯಾಂಕುಗಳು ಕೊಳ್ಳುತ್ತವೆ, ಬ್ಯಾಂಕಿಗೆ ಆ ದುಡ್ಡು ಬರುವುದು ಪ್ರತಿ ಕಾರ್ಡು ಉಜ್ಜಿದಾಗ ಅಂಗಡಿಯವನಿಂದ ಹಿಡಿಯುವ ಶುಲ್ಕದಿಂದ. ಯುರೋಪಿನಲ್ಲಿ 2015ರಿಂದ ಬ್ಯಾಂಕಿಗೆ ಸೇರುವ ಆ ಪಾಲಿಗೆ ಶೇ 0.3ರ ಮಿತಿ ಇದೆ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ, ಪಾಯಿಂಟಿನ ಜಾತ್ರೆ ಅಲ್ಲಿಯೇ ಜೋರಾಗಿರುವುದು ಇದಕ್ಕೇ. ಅಂಗಡಿಯವನು ಆ ಶುಲ್ಕವನ್ನು ಬೆಲೆಯಲ್ಲಿ ಸೇರಿಸುತ್ತಾನೆ. ನಗದು ಕೊಡುವ ಬಡವನೂ ಅದೇ ಬೆಲೆ ಕೊಡುತ್ತಾನೆ. ಪುಕ್ಕಟೆ ಫಸ್ಟ್ ಕ್ಲಾಸ್ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಕೊನೆಯ ಮನುಷ್ಯನ ಮುಖ ನೋಡಬೇಕೆನಿಸುತ್ತದೆ.

ಬರೆದವರೇ ಅಳಿಸಬಲ್ಲರು ಎಂಬ ಪಾಠವನ್ನು ಭಾರತದಲ್ಲಿ ನಾವು ಬೇರೆ ರೀತಿಯಲ್ಲಿ ಕಲಿತೆವು. ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಮೈಲುಗಳು ಬೆಂಗಳೂರಿನವರ ಕೈಯಲ್ಲೇ ಕರಗಿದವು. 2019ರ ಏಪ್ರಿಲ್‌ನಲ್ಲಿ ಜೆಟ್ ನಿಂತಾಗ ಮೈಲು ಉಳಿಯಿತು, ಏಕೆಂದರೆ ಆ ಮೈಲು ಯೋಜನೆಯನ್ನು ನಡೆಸುತ್ತಿದ್ದದ್ದು ಎತಿಹಾದ್ ಬಹುಪಾಲು ಹೊಂದಿದ್ದ ಪ್ರತ್ಯೇಕ ಕಂಪನಿ. ವಿಮಾನ ಸತ್ತು ಮೈಲು ಬದುಕಿದ ವಿಚಿತ್ರ ಅದು. 2023ರಲ್ಲಿ ಆಕ್ಸಿಸ್ ಬ್ಯಾಂಕ್ ತನ್ನ ಮ್ಯಾಗ್ನಸ್ ಕಾರ್ಡಿನ ಐದು ಪಾಯಿಂಟಿಗೆ ನಾಲ್ಕು ಮೈಲು ಸಿಗುತ್ತಿದ್ದದ್ದನ್ನು ಎರಡಕ್ಕೆ ಇಳಿಸಿದಾಗ, ಬೆಂಗಳೂರಿನ ಟೆಕ್ ಪಾರ್ಕುಗಳ ಕ್ಯಾಂಟೀನಿನಲ್ಲಿ ಷೇರುಪೇಟೆ ಕುಸಿದಷ್ಟೇ ಗಲಾಟೆ. ಇಂಡಿಗೊ 2006ರಲ್ಲಿ ಶುರುವಾಗಿ ಪಾಯಿಂಟಿನ ಗೊಡವೆಯೇ ಇಲ್ಲದೆ ದೇಶದ ಅತಿ ದೊಡ್ಡ ಏರ್‌ಲೈನ್ ಆಯಿತು. 2024ರಲ್ಲಿ ಅದೂ ಬ್ಲೂಚಿಪ್ ಎಂಬ ಪಾಯಿಂಟು ಯೋಜನೆ ತಂದಿತು.

ಅಮೆರಿಕದ ಕನ್ನಡಿಗರಿಗೆ ಹೋಟೆಲಿನ ಜತೆ ಇಂಥ ಒಪ್ಪಂದ ಹೊಸದಲ್ಲ. 'ಅಕ್ಕ', 'ನಾವಿಕ' ಎಂಬ ಸಂಘಟನೆಗಳ ಸಮ್ಮೇಳನಗಳಿರಲಿ, ಊರಿನ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮವಿರಲಿ, ನೂರಾರು ಕುಟುಂಬಗಳಿಗೆ ಕೋಣೆ ಹಿಡಿಯುವ ಸ್ವಯಂಸೇವಕನೊಬ್ಬ ಇರಲೇಬೇಕು. ನನ್ನ ಭಾವಮೈದ ಒಂದು ಕೂಟಕ್ಕೆ ಆ ಕೆಲಸ ಮಾಡಿದ್ದಾನೆ. ಪಾಯಿಂಟಿನ ಕೂಟದಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಬಳಸಿದ. ಹಿಡಿದ ಕೋಣೆಗಳಲ್ಲಿ ಶೇ 80 ತುಂಬದಿದ್ದರೆ ದಂಡ ಎಂಬ ಷರತ್ತನ್ನು ಶೇ 70ಕ್ಕೆ ಇಳಿಸಿದ. ಲೌಂಜ್ ಶನಿವಾರವೂ ತೆರೆದಿರಬೇಕೆಂದು ಬರೆಸಿದ, ಹೊರಗಿನ ಅಡುಗೆ ತರಲು ಒಪ್ಪಿಸಿದ. ಇಡ್ಲಿ, ಬಿಸಿಬೇಳೆಬಾತ್ ಹೋಟೆಲಿನವರ ಕೈಯಲ್ಲಿ ಆಗುವ ಮಾತಲ್ಲವಲ್ಲ. ಮುಗಿದ ಮೇಲೆ ಸಮಿತಿ ಸಭೆಯಲ್ಲಿ ಖಜಾಂಚಿ ಒಂದು ಪ್ರಶ್ನೆ ಎತ್ತಿದರಂತೆ. ದೊಡ್ಡ ಹೋಟೆಲುಗಳು ಕಾರ್ಯಕ್ರಮ ಏರ್ಪಡಿಸಿದವರಿಗೂ ಪಾಯಿಂಟು ಕೊಡುತ್ತವೆ. ಒಪ್ಪಂದದಲ್ಲಿ ಯಾರ ಸದಸ್ಯತ್ವದ ಸಂಖ್ಯೆ ಬರೆದಿದೆ?

"ನನ್ನದೇ ಬರೆದಿದ್ದೆ ಭಾವ, ಕೂಟಕ್ಕೆ ಅಂತ ಬೇರೆ ನಂಬರ್ ಇರಲಿಲ್ಲವಲ್ಲ" ಎಂದ.

"ಆಮೇಲೆ?"

"ಈಗ ಆ ಪಾಯಿಂಟಲ್ಲಿ ಮುಂದಿನ ಸಲ ಊರಿಂದ ಬರೋ ಕಲಾವಿದರಿಗೆ ರೂಮ್ ಹಾಕ್ಬೇಕು ಅಂತ ತೀರ್ಮಾನ ಆಗಿದೆ. ಎರಡು ರೂಮಿಗೆ ಸಾಕು. ಬರೋರು ಐದು ಜನ. ಎಲ್ಲರೂ ಹಿರಿಯರು, ಯಾರೂ ರೂಮ್ ಹಂಚಿಕೊಳ್ಳಲ್ಲ."